ಏಳನೇ ತರಗತಿಯ ಸಾಕ್ಷಿ ಟೀಚರ್

ನಮ್ಮ ಹೊಲಿಗೆ ಅಂಗಡಿಯ ಎದುರಿಗೇ ಶಾಲೆಯ ಗೇಟು. ವ್ಯಾಪಾರ ಚೆನ್ನಾಗಿ ಆಗುತ್ತದೆ ಎಂದು ಇಲ್ಲಿ ಅಂಗಡಿ ಹಿಡಿದವರು ನಮ್ಮ ಯಜಮಾನರು. ವ್ಯಾಪಾರದ ಮಾತು ಹಾಗಿರಲಿ, ನನ್ನ ತಲೆಯಂತೂ ಚಿಟ್ಟು ಹಿಡಿಯಿತು. ಅದಕ್ಕೆ ಕಾರಣ ಏಳನೇ ತರಗತಿಗೆ ಇಂಗ್ಲಿಷ್ ಹೇಳಿಕೊಡುವ ಟೀಚರ್. ಅವರ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ನಮ್ಮ ಬೀದಿಗೆಲ್ಲ ಅವರು ಸಾಕ್ಷಿ ಟೀಚರ್.

ಕುಳ್ಳಗಿನ ಹೆಂಗಸು, ಮೂಗಿನ ತುದಿಗೆ ಕನ್ನಡಕ, ಸೆರಗಿನಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ಬಾಯಿಪಾಠ ಮಾಡಿದ ಪದ ಪರೀಕ್ಷೆ ಮುಗಿದ ಸಂಜೆಯೇ ಓಡಿಹೋಗುತ್ತದೆ ಎಂಬುದು ಅವರ ಹಟ. ಅದಕ್ಕೆ ಅವರದೇ ಒಂದು ಕಾನೂನು ಮಾಡಿದ್ದರು. ಪ್ರತಿ ಮಗುವೂ ದಿನಕ್ಕೊಂದು ಹೊಸ ಇಂಗ್ಲಿಷ್ ಪದವನ್ನು ಶಾಲೆಯ ಹೊರಗೆ ಯಾರಿಗಾದರೂ ಒಂದು ವಾಕ್ಯದಲ್ಲಿ ಹೇಳಬೇಕು. ಕಣ್ಣೆದುರು ಇರುವುದನ್ನೇ ಹೇಳಬೇಕು, ಸುಳ್ಳು ಹೇಳಬಾರದು. ಕೇಳಿದವರಿಗೆ ಅರ್ಥ ಆಗುವ ತನಕ ಬಿಡಬಾರದು. ಆಮೇಲೆ ಅವರಿಂದ ನೋಟ್‌ಬುಕ್ಕಿನಲ್ಲಿ ಸಾಕ್ಷಿ ಸಹಿ ಹಾಕಿಸಿಕೊಳ್ಳಬೇಕು.

ಮೊದಲ ವಾರವೇ ಬೀದಿಯಲ್ಲಿ ರಾದ್ಧಾಂತ. ಒಬ್ಬಳು ಹಣ್ಣಿನವನ ಮುಂದೆ ನಿಂತು, ಗಿರಾಕಿಗಳೆಲ್ಲ ಇರುವಾಗಲೇ, “ದಿಸ್ ಆ್ಯಪಲ್ ಈಸ್ ರಾಟನ್” ಎಂದಳಂತೆ. ಅವನು ಅರ್ಥ ಕೇಳಿದ. ಅವಳು ಕೊಳೆತ ಜಾಗಕ್ಕೆ ಬೆರಳಿಟ್ಟು ತೋರಿಸಿ, ಅದೇ ಕೈಯಲ್ಲಿ ಪೆನ್ನು ಚಾಚಿದಳು. ಕ್ಷೌರದ ಅಂಗಡಿಯವನ ಕನ್ನಡಿ “ಡಸ್ಟಿ”, ಧೂಳು ಹಿಡಿದಿದೆ ಎಂದು ಇನ್ನೊಬ್ಬಳು ಸಹಿ ಕೇಳಿದಳು. ಹದಿನೈದು ದಿನದಲ್ಲಿ ನೋಟ್‌ಬುಕ್ ಕಂಡರೆ ಇಡೀ ಬೀದಿ ಬಾಗಿಲು ಹಾಕಿಕೊಳ್ಳುವ ಹಾಗಾಯಿತು.

ಉಳಿದವಳು ನಾನೊಬ್ಬಳು. ಇಂಗ್ಲಿಷಿಗೂ ನನಗೂ ಎಣ್ಣೆ ಸೀಗೇಕಾಯಿ. ಅದರಲ್ಲೇ ಡುಮ್ಕಿ ಹೊಡೆದು ಏಳನೇ ತರಗತಿಗೇ ಶಾಲೆ ಬಿಟ್ಟವಳು ನಾನು. “ಅಲ್ಲಾ ಟೀಚರ್, ನನ್ನ ತಲೆ ಯಾಕೆ ತಿಂತೀರಿ?” ಎಂದು ಜಗಳಕ್ಕೇ ಹೋಗಿದ್ದೆ. ಅವರು ನಕ್ಕುಬಿಟ್ಟರು. “ನೀವು ಗದರಿಸ್ತೀರಿ, ಆದ್ರೂ ಕೇಳ್ತೀರಿ. ಬೇರೆಯವರು ಕೇಳೋದೇ ಇಲ್ಲಮ್ಮ.” ಹೊಗಳಿಕೆಗೆ ಬಾಗದವರು ಯಾರು? ಮಿಷನ್ ತುಳಿಯುತ್ತ ತುಳಿಯುತ್ತಲೇ ವರ್ಷವಿಡೀ ಸಹಿ ಹಾಕಿದೆ.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಮೇಲಕ್ಕೆ ದೂರು ಬರೆದರು. ಇಲಾಖೆ ಅಚ್ಚು ಹಾಕಿಸಿ ಕೊಟ್ಟ ಐನೂರು ಪದಗಳ ಪಟ್ಟಿ ಬಾಯಿಪಾಠ ಮಾಡಿಸುವುದು ಬಿಟ್ಟು ಮಕ್ಕಳನ್ನು ಬೀದಿ ಅಲೆಸುತ್ತಾರೆ, ಸಹಿಗಳೆಲ್ಲ ಖೋಟಾ ಎಂದು. ತನಿಖೆಗೆ ಸಾಹೇಬರು ಬರುತ್ತಾರೆ, ದೂರು ನಿಜವಾದರೆ ತರಗತಿ ಬೇರೆಯವರಿಗೆ, ಟೀಚರಿಗೆ ಉಗ್ರಾಣದ ಬೀಗದ ಕೈ ಎಂದು ಸುದ್ದಿ ಬಂತು. ಹಿಂದಿನ ಸಂಜೆ ಅವರು ಅಂಗಡಿಗೆ ಬಂದು ಬೆಂಚಿನ ಮೇಲೆ ಕುಳಿತರು. “ಹನ್ನೊಂದು ವರ್ಷ ಆಯ್ತಮ್ಮ ಈ ತರಗತಿಲಿ. ಮಕ್ಕಳಿಲ್ಲದೆ ಬೆಂಚು ಕುರ್ಚಿ ಎಣಿಸ್ಕೊಂಡು ಹೇಗಿರಲಿ?” ಎಂದರು.

ಮರುದಿನ ನನಗೇ ಕರೆ ಬಂತು. ಕತ್ತಿಗೆ ಟೇಪು ನೇತುಹಾಕಿಕೊಂಡೇ ಓಡಿದೆ. ತರಗತಿಯಲ್ಲಿ ಮಕ್ಕಳು, ಟೀಚರ್ ಎಲ್ಲರೂ ಇದ್ದರು; ಸಾಹೇಬರ ಮುಂದೆ ನೋಟ್‌ಬುಕ್ಕುಗಳ ರಾಶಿ.

“ಎಲ್ಲದರಲ್ಲೂ ನಿಮ್ಮದೇ ಸಹಿ. ಇಷ್ಟು ಇಂಗ್ಲಿಷ್ ಬರುತ್ತಾ ನಿಮಗೆ?”

“ಬರಲ್ಲ ಸಾರ್. ಇವು ತಾವಾಗೇ ಬಂದು ಕೂತ್ಕೊಂಡಿವೆ.”

“ಟೆಂಪರರಿ ಅಂದ್ರೆ?”

“ಕಚ್ಚಾ ಹೊಲಿಗೆ ಸಾರ್. ಆಮೇಲೆ ಬಿಚ್ಚಿ ಬಿಸಾಕೋದು.”

“ಪೋಸ್ಟ್‌ಪೋನ್?”

“ಸೋಮವಾರ ಬನ್ನಿ ಅನ್ನೋದು. ಸೋಮವಾರ ಬಂದ್ರೆ ಗುರುವಾರ ಬನ್ನಿ ಅನ್ನೋದು.”

“ಸ್ಟಬರ್ನ್?”

“ನಮ್ಮನೆಯವರು. ಸೂಜಿ ಕಣ್ಣು ಕಾಣಲ್ಲ, ಕನ್ನಡಕ ಹಾಕ್ಕೊಳ್ರೀ ಅಂದ್ರೆ ಸೂಜಿನೇ ಸರಿ ಇಲ್ಲ ಅಂತಾರೆ.”

ಮಕ್ಕಳು ಹೋ ಎಂದು ನಕ್ಕರು. ಸಾಹೇಬರೂ ತುಟಿ ಕಚ್ಚಿಕೊಂಡರು. ಮೂವತ್ತು ಪದ ಕೇಳಿದರು, ಮೂವತ್ತಕ್ಕೂ ಹೇಳಿದೆ. ಟೀಚರ ಮುಖಕ್ಕೆ ಜೀವ ಬಂತು. ಕೊನೆಗೆ ಒಂದು ಪುಟದ ಮೇಲೆ ಸಾಹೇಬರ ಬೆರಳು ನಿಂತಿತು.

“ಅನ್‌ಈವನ್?”

“ಇದು ಗೊತ್ತಿಲ್ಲ ಸಾರ್,” ಎಂದೆ. ಆ ಪದ ಕೇಳಿದ ನೆನಪೇ ಇಲ್ಲ. ಪುಟದಲ್ಲಿದ್ದದ್ದು ನಾಲ್ಕು ತಿಂಗಳ ಹಿಂದಿನ ತಾರೀಖು; ಮದುವೆ ಸೀಸನ್ನಿನ ಗಡಿಬಿಡಿಯಲ್ಲಿ, ತಲೆಯೂ ಎತ್ತದೆ ಸಹಿ ಗೀಚಿ ಅಟ್ಟಿದ್ದಿರಬೇಕು.

“ಅಂದ್ರೆ ಈ ಸಹಿ ಸುಳ್ಳು,” ಎಂದರು ಸಾಹೇಬರು. “ಇದು ಯಾರ ನೋಟ್‌ಬುಕ್?”

ಕೊನೆಯ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. ವಾಕ್ಯ ಓದು ಎಂದರೆ ನನ್ನ ಮುಖ ನೋಡಿದಳು, ನೆಲ ನೋಡಿದಳು. ಟೀಚರ್ ಮೆಲ್ಲಗೆ, “ಓದಮ್ಮ, ನಿಜ ತಾನೇ ಬರೆದಿದ್ದೀಯ,” ಎಂದರು.

“ಮೈ ಸ್ಕರ್ಟ್ ಈಸ್ ಅನ್‌ಈವನ್.”

ಅರ್ಥ ಬಾಯಲ್ಲಿ ಹೇಳಲಿಲ್ಲ. ಎಡಗಡೆ ಅಂಚಿಗೊಂದು ಬೆರಳು, ಬಲಗಡೆ ಅಂಚಿಗೊಂದು ಬೆರಳು ಇಟ್ಟು ನಿಂತಳು. ಎಲ್ಲರೂ ಸ್ಕರ್ಟು ನೋಡಿದರು. ಹೊಲಿದವಳು ಯಾರು? ನಾನೇ.

ಹದಿನೆಂಟು ವರ್ಷದ ಕಸುಬಿನಲ್ಲಿ ಒಂದೇ ಒಂದು ದೂರು ಒಪ್ಪಿದವಳಲ್ಲ ನಾನು. ನೀವು ನಿಂತಿರುವುದೇ ಸೊಟ್ಟ ಎಂದು ಗಿರಾಕಿಗಳ ಬಾಯಿ ಮುಚ್ಚಿಸಿ ಕಳಿಸಿದವಳು. ನಾಲಗೆ ತುದಿಗೆ ಅದೇ ಮಾತು ಬಂದಿತ್ತು. ಆದರೆ ಸ್ಕರ್ಟು ಸರಿ ಇದೆ ಎಂದರೆ ವಾಕ್ಯ ಸುಳ್ಳಾಗುತ್ತದೆ, ವಾಕ್ಯ ಸುಳ್ಳಾದರೆ ಟೀಚರ ತರಗತಿ ಹೋಗುತ್ತದೆ. ಹಾಳಾಗಿ ಹೋಗಲಿ ನನ್ನ ಮರ್ಯಾದೆ ಎಂದು ಮಂಡಿಯೂರಿ ಕುಳಿತು, ಟೇಪು ಎಳೆದು ಅಳೆದೆ. ಎರಡೂವರೆ ಇಂಚು ವ್ಯತ್ಯಾಸ!

“ನಿಜ ಸಾರ್. ಏರುಪೇರಾಗಿದೆ. ನಾನೇ ಹೊಲಿದದ್ದು. ಆವತ್ತು ಕೇಳದೇ ಸೈನ್ ಹಾಕಿದ್ದು ತಪ್ಪು ನಂದು. ಈಗ ಅರ್ಥ ಚೆನ್ನಾಗಾಯ್ತು.”

ಸಾಹೇಬರು ತಮ್ಮ ಕಾಗದದಲ್ಲಿ ಬಹಳ ಹೊತ್ತು ಬರೆದರು. “ಈ ಪದ ಇವರು ಸಾಯೋ ತನಕ ಮರೆಯಲ್ಲ. ನಿಮ್ಮ ಪದ್ಧತಿ ಮುಂದುವರಿಸಿ ಟೀಚರ್,” ಎಂದು ಎದ್ದು ಹೋದರು. ಟೀಚರ್ ಮೇಜು ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟರು. ಮಕ್ಕಳು ಅವರನ್ನು ಮುತ್ತಿಕೊಂಡರು.

ನಾನು ಆ ಎರಡು ಜಡೆಯವಳನ್ನು ಜಗಲಿಗೆ ಎಳೆದುಕೊಂಡು ಹೋದೆ.

“ಅಯ್ಯೋ ನಿನ್ನ! ನಾಲ್ಕು ತಿಂಗಳು ಈ ಸೊಟ್ಟ ಸ್ಕರ್ಟು ಹಾಕ್ಕೊಂಡು ತಿರುಗಿದ್ದೀಯಲ್ಲೇ. ಆ ಹಾಳು ಇಂಗ್ಲಿಷ್ ಯಾಕೆ, ನಮ್ಮ ಮಾತಲ್ಲೇ ಹೇಳೋಕೆ ಏನಾಗಿತ್ತು ನಿಂಗೆ?”

“ನಮ್ಮ ಮಾತಲ್ಲಿ ಹೇಳಿದ್ರೆ ನೀವು ಬೈತೀರಲ್ಲ ಅಕ್ಕ.”

ಬೈಯಲು ತೆರೆದಿದ್ದ ಬಾಯಲ್ಲೇ, “ಸಂಜೆ ಸ್ಕರ್ಟು ತಗೊಂಡು ಬಾ, ಬಿಚ್ಚಿ ಹೊಲಿದು ಕೊಡ್ತೀನಿ,” ಎಂದೆ.