ಎಪ್ಪತ್ತರ ಮೇಲೆ ನಿಂತ ಮುಳ್ಳು

ಮೊನ್ನೆ ತೋಟದ ಪಂಪು ಕೈಕೊಟ್ಟಿತೆಂದು ರಿಪೇರಿಯವನ ಹತ್ತಿರ ಒಯ್ದಿದ್ದೆ. ಆತ ಬೇರಿಂಗಿನ ಮುಚ್ಚಳ ಬಿಚ್ಚಿದ್ದೇ ತಡ, ವರ್ಷಗಟ್ಟಲೆ ಒಳಗೇ ಕೂತು ಕರ್ರಗಾದ ಗ್ರೀಸಿನ ಕಮಟು ವಾಸನೆ ಮೂಗಿಗೆ ಬಡಿಯಿತು. ಆತ ಏನೋ ಹೇಳುತ್ತಲೇ ಇದ್ದ, ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ವೈನಿ ನೆನಪಾದರು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ...

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಂಡಿ ಊರಿನ ನಮ್ಮ ಓಣಿಯಲ್ಲಿ ಫಟಫಟಿ, ಅಂದರೆ ಮೋಟಾರು ಸೈಕಲ್ಲು, ಇದ್ದದ್ದು ಅಣ್ಣನ ಹತ್ತಿರ ಮಾತ್ರ. ಅದೂ ಎಷ್ಟು ಕೈ ಬದಲಾಗಿ ಬಂದಿತ್ತೋ ದೇವರೇ ಬಲ್ಲ. ಅಣ್ಣನಿಗೆ ಅದರ ಮೇಲೆ ಎಂಥ ಮೋಹವೆಂದರೆ ಭಾನುವಾರ ಬಂತೆಂದರೆ ಗ್ರೀಸಿನ ಡಬ್ಬಿ ಹಿಡಿದು ಅಂಗಳದಲ್ಲಿ ಕೂತುಬಿಡುತ್ತಿದ್ದ. ಬೇರೆಯವರು ಬೆರಳಿನಲ್ಲಿ ಹಚ್ಚಿದರೆ ಇವನು ಅಂಗೈಯಲ್ಲಿ ಮೆತ್ತುತ್ತಿದ್ದ. ಗಾಡಿ ಮುಗಿದ ಮೇಲೆ ಬಾವಿಯ ಗಾಲಿಗೆ, ಬಾಗಿಲಿನ ತಿರುಗಣಿಗೆ, ಒಮ್ಮೆ ಅವ್ವನ ಕೊಡೆಗೂ ಹಚ್ಚಿ ಬೈಸಿಕೊಂಡಿದ್ದ. ಅವನ ಧೋತರದ ಕಲೆ ತಿಕ್ಕಿ ತಿಕ್ಕಿ ವೈನಿಗೆ ಸಾಕಾಗಿ ಹೋಗಿತ್ತು.

ವೈನಿ ಅವನಿಂದ ಒಂದು ಮಾತು ತೆಗೆದುಕೊಂಡಿದ್ದರು. ಗಾಡಿಯ ವೇಗದ ಮೀಟರಿನ ಮುಳ್ಳು ನಲವತ್ತು ದಾಟಬಾರದು. ಅಣ್ಣ ಅವರ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದ.

ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳದ ಕಡೆ ಹೋಗುವಾಗ ಒಂದು ಸಣ್ಣ ಸೇತುವೆಯ ಕಟ್ಟೆಗೆ ಗಾಡಿ ಬಡಿದು ಅಣ್ಣ ಅಲ್ಲೇ ಹೋದ. ಕಂಡವರು ಯಾರೂ ಇರಲಿಲ್ಲ. ಗಾಡಿ ಎತ್ತಿದಾಗ ಮೀಟರಿನ ಮುಳ್ಳು ಎಪ್ಪತ್ತರ ಮೇಲೆ ನಿಂತಿತ್ತಂತೆ. ಆ ಮಾತು ಹೆಣಕ್ಕಿಂತ ಮೊದಲೇ ಮನೆ ಮುಟ್ಟಿತು. ಸಾಂತ್ವನಕ್ಕೆ ಬಂದವರೂ ಅದನ್ನೇ ಆಡಿದರು. ವೈನಿ ಅಳಲಿಲ್ಲ. ಗಾಡಿಯನ್ನು ಕೊಟ್ಟಿಗೆಯ ಮೂಲೆಗೆ ನಿಲ್ಲಿಸಿ ಗೋಣಿತಟ್ಟು ಹೊದಿಸಿದರು. ಯಾರಾದರೂ ಅವರೆದುರು ಅಣ್ಣನನ್ನು ನೆನೆದು ಕಣ್ಣೀರು ಹಾಕಿದರೆ ಎದ್ದು ಹೋಗಿ ತಟ್ಟು ಸರಿಸಿ ಆ ಮುಳ್ಳು ತೋರಿಸುತ್ತಿದ್ದರು. ನೋಡಿದವರು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು. ನನಗಂತೂ ಅವರ ಆ ಮುಖ ಕಂಡರೆ ಹೆದರಿಕೆಯಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ನನಗೆ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಹತ್ತಿರ ಕೆಲಸ ಸಿಕ್ಕಿತು. ಊರೂರು ತಿರುಗಿ ತೋಟ ನೋಡಿ ಬರಬೇಕು, ಗಾಡಿ ಇದ್ದರೆ ಮಾತ್ರ ಬಾ ಎಂದಿದ್ದರು. ಎರಡು ದಿನ ನುಂಗಿಕೊಂಡು, ಮೂರನೆಯ ದಿನ ವೈನಿಯ ಮುಂದೆ ಬಾಯಿಬಿಟ್ಟೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಒಯ್ಯಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲ ಆ ಮೀಟರ್ ನೆಟ್ಟಗ ಮಾಡು. ಸಿಂದಗಿಗೆ, ನನ್ನ ತವರಮನಿಗೆ, ಹಿಂದ ಕುಂತು ಬರ್ತೇನಿ. ಮುಳ್ಳು ನಲವತ್ತು ದಾಟಿತೋ, ಗಾಡಿ ಮತ್ತ ಮೂಲಿಗೆ."

ಗಾಡಿಯ ಬೇರೆ ರಿಪೇರಿ ಅಂಗಡಿಯಲ್ಲಿ ಆಯಿತು. ಮೀಟರನ್ನು ಮಾತ್ರ ನಾನೇ ಮಾಡುತ್ತೇನೆಂದೆ. ಮುಂದಿನ ಗಾಲಿಯಿಂದ ಮೀಟರಿಗೆ ಹೋಗುವ ವೈರು ತುಂಡಾಗಿತ್ತು, ಹೊಸದನ್ನು ತಂದು ಬೆರಳಿಗೆ ಅಂಟಿದಷ್ಟೇ ಗ್ರೀಸು ಸವರಿ ಏರಿಸಿದೆ. ಗಾಲಿ ತಿರುಗಿಸಿ ಗಾಜಿನ ಮೇಲೆ ತಟ್ಟಿದೆ. ಅಷ್ಟು ವರ್ಷ ಎಪ್ಪತ್ತರ ಮೇಲೆ ನಿಂತಿದ್ದ ಮುಳ್ಳು ಒಮ್ಮೆ ಅದುರಿ, ನಿಧಾನವಾಗಿ ಸೊನ್ನೆಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ವೈನಿ ಒಳಗೆ ಹೋದರು.

ಮರುದಿನ ಹೊರಟೆವು. ವೈನಿ ಸೆರಗು ಬಿಗಿದು ಹಿಂದೆ ಕೂತು, ನನ್ನ ಹೆಗಲ ಮೇಲಿಂದ ಮೀಟರನ್ನೇ ನೋಡುತ್ತಿದ್ದರು.  ಊರು ದಾಟುವವರೆಗೆ ಮುಳ್ಳು ಇಪ್ಪತ್ತು, ಇಪ್ಪತ್ತೈದರಲ್ಲಿ ಆಡುತ್ತಿತ್ತು. ಬಿಸಿಲೇರಿತು. ಮುಳ್ಳು ನಲವತ್ತಕ್ಕೆ ಬಂತು. ವೇಗ ಇಳಿಸಿದೆ. ಅದು ಐವತ್ತಕ್ಕೆ ಹೋಯಿತು. ಮತ್ತೂ ಇಳಿಸಿದೆ. ಅರವತ್ತು... ಹೆಗಲ ಮೇಲಿನ ಕೈ ಬಿಗಿಯಾಗುತ್ತ ಬಂತು. 

"ನಿಲ್ಲಸು."

"ವೈನಿ, ನಾ ಜೋರ ಹೊಂಟಿಲ್ರಿ. ಮುಳ್ಳು ಸುಳ್ಳು ಹೇಳಾಕತ್ತೈತಿ."

"ಮುಳ್ಳಿಗೇನು ಬಂದೈತಿ ಸುಳ್ಳು ಹೇಳಾಕ? ಸುಳ್ಳು ಹೇಳೂದು ನಿಮ್ಮ ಮನಿತನದ ಗಂಡಸರ ರೂಢಿ."

ಇಳಿದವರೇ ಇಂಡಿಯ ಕಡೆ ಮುಖ ಮಾಡಿ ನಡೆಯತೊಡಗಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕೆಲಸ ಹೋದರೆ ಹೋಗಲಿ, ಆಡಿದ ಮಾತು ತಪ್ಪಿದವನೆಂದು ಈ ಹೆಣ್ಣುಮಗಳು ನನ್ನನ್ನೂ ಅಣ್ಣನ ಸಾಲಿಗೆ ಸೇರಿಸುತ್ತಾರಲ್ಲ ಅನ್ನಿಸಿತು. ಅಷ್ಟರಲ್ಲಿ ಜೋಳದ ಕಣಿಕೆ ಹೇರಿದ ಚಕ್ಕಡಿಯೊಂದು ಇಂಡಿಯ ಕಡೆಗೇ ಹೊರಟು ನನ್ನನ್ನು ದಾಟಿತು. ಗಾಡಿ ತಿರುಗಿಸಿ, ಎತ್ತುಗಳ ಮಗ್ಗುಲಿಗೇ ಕಾಲೂರುತ್ತ ಕಾಲೂರುತ್ತ ಓಡಿಸಿಕೊಂಡು ವೈನಿಯ ಹತ್ತಿರ ಬಂದೆ.

"ಈಗ ನೋಡ್ರಿ ಮುಳ್ಳು! ನೀವು ನಡದೀರಿ, ಎತ್ತೂ ನಡದಾವು. ಎಷ್ಟರಾಗ ಹೊಂಟೇವಿ ನಾವೆಲ್ಲ?"

ವೈನಿ ನಡೆಯುತ್ತಲೇ ಬಗ್ಗಿ ನೋಡಿದರು. ಮುಳ್ಳು ಎಪ್ಪತ್ತರ ಮೇಲಿತ್ತು.

ಚಕ್ಕಡಿಯ ಮುದುಕನೂ ಮೇಲಿನಿಂದ ಇಣುಕಿದ. "ಎಪ್ಪತ್ತಾ? ಅಬಬಬ, ನನ್ನ ಎತ್ತಿಗೆ ಇವತ್ತ ಏನು ತಿನಿಸೀನೋ ಏನೋ!" ಎಂದು ನಗುತ್ತ ಮುಂದೆ ಹೋದ.

ವೈನಿ ನಗಲಿಲ್ಲ. "ಬಿಚ್ಚು ಅದನ್ನ," ಅಂದರು.

ರಸ್ತೆಯ ಬದಿಯ ಬೇವಿನ ಕೆಳಗೆ ಗಾಡಿ ನಿಲ್ಲಿಸಿ ಮೀಟರು ಬಿಚ್ಚಿದೆ. ಅದರೊಳಗೆ ವೈರಿನ ಜೊತೆ ತಿರುಗುವ ಆಯಸ್ಕಾಂತವೊಂದು, ಅದಕ್ಕೆ ತಾಕದಂತೆ ಮುಳ್ಳು ಹೊತ್ತ ಸಣ್ಣ ಬಟ್ಟಲೊಂದು. ನಡುವೆ ಗಾಳಿಯಷ್ಟೇ ಇರಬೇಕು. ಇಲ್ಲಿ ನೋಡಿದರೆ ಹಳೆಯ ಗ್ರೀಸು ಕಿಕ್ಕಿರಿದು ತುಂಬಿತ್ತು, ಬಿಸಿಲಿಗೆ ಕರಗಿ ಎರಡನ್ನೂ ಅಂಟಿಸಿಬಿಟ್ಟಿತ್ತು. ವೈರಿಗೆ ಮಿತಿಮೀರಿ ಮೆತ್ತಿದರೆ ಅದು ತಿರುಗುತ್ತ ತಿರುಗುತ್ತ ಮೇಲೇರಿ ಹೀಗೆ ಮೀಟರಿನ ಹೊಟ್ಟೆ ಸೇರುತ್ತದೆ. ಆಯಸ್ಕಾಂತ ತುಸು ತಿರುಗಿದರೂ ಮುಳ್ಳನ್ನು ಎಳೆದೊಯ್ಯುತ್ತದೆ, ಒಮ್ಮೊಮ್ಮೆ ಅಲ್ಲೇ ಹಿಡಿದು ನಿಲ್ಲಿಸುತ್ತದೆ.

ವೈನಿ ಬೆರಳಿನಿಂದ ಒಂದಿಷ್ಟು ತೆಗೆದು ಮೂಸಿದರು.

"ಇದು ನಿಮ್ಮಣ್ಣನ ಕೈ," ಅಂದರು.

"ಹೌದ್ರಿ."

"ಅಂದ್ರ, ಆ ದಿನ..."

ಹೌದು, ಅಣ್ಣ ನಿಧಾನವಾಗಿಯೇ ಹೊಂಟಿದ್ದ ಎಂದುಬಿಡೋಣವೆನ್ನಿಸಿತು. ನಾಲಿಗೆ ಏಳಲಿಲ್ಲ. "ಆ ದಿನ ಎಷ್ಟರಾಗ ಹೊಂಟಿದ್ನೋ ಯಾರಿಗೂ ಗೊತ್ತಿಲ್ರಿ, ವೈನಿ. ಈ ಮುಳ್ಳಿಗಂತೂ ಗೊತ್ತಿಲ್ಲ," ಅಂದೆ.

ಅವರು ಬೆರಳಿನ ಗ್ರೀಸನ್ನು ಬೇವಿನ ಬೊಡ್ಡೆಗೆ ಒರೆಸಿದರು. ಆಮೇಲೆ ಬೇವಿನ ಬೇರಿನ ಮೇಲೆ ಕೂತು, "ಗೊತ್ತಿಲ್ದ ಇಷ್ಟ ವರ್ಷ ಬೈದೆ, ತಮ್ಮಾ. ಇನ್ನ ಗೊತ್ತಿಲ್ದ ಅತ್ತರ ಏನು ತಪ್ಪು?" ಅಂದರು.

ಅತ್ತರು. ದಾರಿಹೋಕರು ನಿಂತು ನೋಡಿದರು, ಅದರ ಪರಿವೆಯೇ ಅವರಿಗಿರಲಿಲ್ಲ. ಅಣ್ಣ ಹೋದ ದಿನ ಅಳಬೇಕಾದದ್ದನ್ನೆಲ್ಲ ಅಲ್ಲಿ ಕೂತು ಅತ್ತರು. ನಾನು ತಲೆ ತಗ್ಗಿಸಿ ಮೀಟರು ಒರೆಸುತ್ತಲೇ ಇದ್ದೆ, ಒರೆಸಲು ಏನೂ ಉಳಿಯದಿದ್ದರೂ.

ತವರಿಗೆ ಹೋಗಲಿಲ್ಲ. ಸಿಂದಗಿ ಎಲ್ಲೂ ಓಡಿಹೋಗುವುದಿಲ್ಲ, ಮನೆಗೆ ನಡೆ ಅಂದರು. ಹಿರಿಯರಿಗೆ ಎಡೆ ಹಿಡಿಯುವ ದಿನ ಬಂದಾಗ ಅಣ್ಣನ ಎಡೆಯನ್ನು ಅವ್ವನೇ ಹಿಡಿಯುತ್ತಿದ್ದಳು, ವೈನಿ ಒಲೆ ಬಿಟ್ಟು ಏಳುತ್ತಿರಲಿಲ್ಲ. ಅಂದು ಅಮಾವಾಸ್ಯೆಯೂ ಅಲ್ಲ, ಹಬ್ಬವೂ ಅಲ್ಲ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಗಡ್ಡೆ ಮೊಸರು ಬಡಿಸಿದ ತಾಟನ್ನು ವೈನಿ ದೇವರ ಜಗಲಿಯ ಮುಂದಿಟ್ಟು, ಎದುರಿಗೆ ಕೂತರು. "ಉಣ್ರಿ, ಆರಾಕತ್ತೈತಿ," ಅಂದರು. ಗಂಡ ಹೊಲದಿಂದ ಈಗಷ್ಟೇ ಬಂದಿದ್ದಾನೆ ಎನ್ನುವಂತಿತ್ತು ಅವರ ದನಿ.

ವೈನಿ ಹೋಗಿ ಎರಡು ಮಳೆಗಾಲ ಕಳೆದವು. ಅವ್ವ ಎಂದೋ ಹೋದಳು. ಈಗ ಎಲ್ಲರ ಎಡೆಯನ್ನೂ ನಾನೇ ಹಿಡಿಯುತ್ತೇನೆ. ಅವ್ವನಿಗೆ, ಅಣ್ಣನಿಗೆ ಕೈ ಮುಗಿದು ಎದ್ದುಬಿಡುತ್ತೇನೆ. ವೈನಿಯ ತಾಟಿನ ಮುಂದೆ ಮಾತ್ರ ಕೂತೇ ಇರುತ್ತೇನೆ. ಉಣ್ರಿ ಎನ್ನಬೇಕು, ಅಷ್ಟೇ... ಅಂದರೆ ಅವರನ್ನೂ ಹೋದವರ ಸಾಲಿಗೆ ಸೇರಿಸಿದಂತೆ ಅನ್ನಿಸಿ ಅನ್ನಲು ಆಗುವುದಿಲ್ಲ. ರೊಟ್ಟಿ ಆರಿ ಹೋಗುತ್ತದೆ.