ಬಸಳೆ ಚಪ್ಪರದ ಕೆಳಗಿನ ಪೈಪು

ಶಿರಸಿಯ ನಮ್ಮ ಓಣಿಯಲ್ಲಿ ನನಗೆ ಎರಡು ಹೆಸರು. ಬಟ್ಟೆ ತಂದವರಿಗೆ ನಾನು ಹೊಲಿಗೆ ಅಕ್ಕ, ಉಳಿದವರಿಗೆ ಬಸಳೆ ಅಕ್ಕ. ಹೊಲಿಗೆಯನ್ನು ಯಾರು ಬೇಕಾದರೂ ಕಲಿಯಬಹುದು, ಅದರಲ್ಲಿ ಬೀಗುವಂಥದ್ದೇನಿಲ್ಲ. ಬಸಳೆಯದು ಹಾಗಲ್ಲ ಎಂದುಕೊಂಡಿದ್ದೆ. ಏಪ್ರಿಲ್ ಬಿಸಿಲಿಗೆ ಓಣಿಯ ದಾಸವಾಳಗಳೆಲ್ಲ ಮುದುಡಿ ನಿಂತಿರುವಾಗ ನಮ್ಮ ಅಂಗಳದ ಮೂಲೆಯ ಚಪ್ಪರದಲ್ಲಿ ಅಂಗೈಯಗಲದ ಎಲೆ, ಹೆಬ್ಬೆರಳು ದಪ್ಪದ ದಂಟು. ನೋಡಿದವರು "ಎಂಥ ಕೈಗುಣ!" ಎನ್ನುತ್ತಿದ್ದರು. "ಅಯ್ಯೋ, ನಾನೆಂತ ಮಾಡಿದೆ, ಅದರಷ್ಟಕ್ಕೆ ಅದು ಬರ್ತದೆ" ಎನ್ನುತ್ತಿದ್ದೆ. ವಿನಯಕ್ಕೆ ಹೇಳುತ್ತಿದ್ದ ಮಾತು ಅದು. ಒಳಗೊಳಗೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ. ಆ ಮಾತೇ ನಿಜವಾಗಿತ್ತು ಎಂದು ಗೊತ್ತಾದದ್ದು ಈ ಬೇಸಿಗೆಯಲ್ಲಿ.

ನಮ್ಮದು ಓಣಿಯ ತಗ್ಗಿನ ಮನೆ. ರಸ್ತೆ ನಮ್ಮ ಕಂಪೌಂಡು ದಾಟಿ ಚಿರೆಕಲ್ಲಿನ ದಿಬ್ಬ ಹತ್ತಿ ಮೇಲಿನ ಮನೆಯ ಮುಂದೆ ಮುಗಿಯುತ್ತದೆ. ಮೇಲಿನವರು ಬನವಾಸಿ ಕಡೆಯಿಂದ ಬಂದು ಮನೆ ಕಟ್ಟಿಕೊಂಡವರು. ಮನೆಯಾಕೆ ನನಗಿಂತ ಸ್ವಲ್ಪ ಚಿಕ್ಕವಳು, ನನ್ನನ್ನು "ಅಕ್ಕಾರ" ಎಂದು ಕರೆಯುತ್ತಾಳೆ. ನನ್ನಿಂದ ಬಸಳೆ ದಂಟು ಒಯ್ದು ಎರಡು ಸಲ ನೆಟ್ಟಿದ್ದಳು, ಎರಡು ಸಲವೂ ಒಣಗಿತ್ತು. "ಗಿಡಕ್ಕೂ ಕೈ ಆಗಿಬರಬೇಕು ಮಾರಾಯ್ತಿ, ನಿನ್ನ ಕೈ ಅದಕ್ಕೆ ಆಗಿಬರ್ತಿಲ್ಲ" ಎಂದು ನಾನು ನಗಾಡಿದೆ. ಅವಳೂ ನಕ್ಕಳು. "ಕುಡ್ಯಾಕ ನೀರಿಲ್ರಿ ಅಕ್ಕಾರ, ಬಳ್ಳಿಗೆ ಎಲ್ಲಿಂದ ಹಾಕ್ಲಿ" ಎಂದಳು. ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಯುಗಾದಿ ಕಳೆದ ಮೇಲೆ ಅವಳು ಮಗಳಿಗೆ ಸೀಮಂತದ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆಂದು ಮನೆಗೆ ಕರೆತಂದಳು. ಕುಬಸದ ಹಸಿರು ರವಿಕೆ ಹೊಲಿದವಳು ನಾನೇ. ಮುಂದೆ ಕೂಸಿಗೆ ಹಾಲು ಕೊಡಲು ಸುಲಭವಾಗಲೆಂದು ಹುಕ್ಕುಗಳನ್ನು ಮುಂದಕ್ಕಿಟ್ಟು, ಬಗಲಲ್ಲಿ ಬಿಚ್ಚಿ ಸಡಿಲ ಮಾಡಿಕೊಳ್ಳಲು ಒಳಗೆ ಬಟ್ಟೆ ಬಿಟ್ಟಿದ್ದೆ. ಹುಡುಗಿ ತೊಟ್ಟುಕೊಂಡು ಬಂದು ನನ್ನ ಮಷೀನಿನ ಮುಂದೆ ತಿರುಗಿ ತಿರುಗಿ ತೋರಿಸಿ ಹೋದಳು. ಅವಳ ತಾಯಿ ಆಗಲೇ ತಾಮ್ರದ ಹಂಡೆಯನ್ನು ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಬಚ್ಚಲಲ್ಲಿ ಹೂಡಿಸಿಯಾಗಿತ್ತು. ತಾನು ಹೆತ್ತಾಗ ತನ್ನವ್ವ ಎರೆದ ಹಾಗೆ ಮಗಳಿಗೆ ಎರೆಯಬೇಕು ಎಂಬುದೊಂದೇ ಅವಳ ಹಂಬಲ.

ಆದರೆ ಬಾಣಂತಿಯ ನೀರೆಂದರೆ ಒಂದು ಕೊಡ, ಎರಡು ಕೊಡದ ಮಾತಲ್ಲ. ಬೆಳಗ್ಗೆ ಹಂಡೆ ತುಂಬ ಬೇಕು, ಮಗುವಿನ ಬಟ್ಟೆಗೆ ಇಡೀ ದಿನ ಬೇಕು. ಮೇಲಿನ ಮನೆಯ ನಲ್ಲಿಯಲ್ಲೋ ಹಿಂದಿನ ಬೇಸಿಗೆಗಳಲ್ಲಿ ನೂಲಿನೆಳೆಯಷ್ಟಾದರೂ ನೀರು ಬರುತ್ತಿತ್ತು, ಈ ಸಲ ಅದೂ ಇಲ್ಲ. ಬಾವಿ ಮಾರ್ಚಿಗೇ ಬತ್ತಿತ್ತು, ಟ್ಯಾಂಕರು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಬೀಗಿತ್ತಿ ಫೋನಿನಲ್ಲಿ ಮಾತು ತೆಗೆದಿದ್ದರು, "ನಮ್ಮಲ್ಲಿ ಬೋರು ಐತಿ, ನೀರಿಲ್ಲದ ಕಡೆ ಬಾಣಂತನ ಯಾಕ?" ಎಂದು. ಮೇಲಿನ ಮನೆಯಾಕೆ ಅದನ್ನು ನನ್ನೆದುರು ಹೇಳಿ ಕಣ್ಣೊರೆಸಿಕೊಂಡಳು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ಬೇಗ ಬರುತ್ತದೆ, ಬೇರೆಯವರ ಮೇಲೆಯೇ ಬರುತ್ತದೆ.

ಮರುದಿನ ವಾಲ್ವು ತಿರುಗಿಸಲು ಬಂದ ನೀರು ಬಿಡುವವನನ್ನು ಓಣಿಯ ಹೆಂಗಸರೆಲ್ಲ ಸೇರಿ ಅಡ್ಡ ಹಾಕಿದೆವು. ಮುಂದೆ ನಿಂತವಳು ನಾನೇ. "ನಮ್ಮ ನೀರನ್ನು ಆಚೆ ಓಣಿಗೆ ತಿರುಗಿಸ್ತಿದ್ದೀಯಲ್ಲ ತಮಾ, ಅಲ್ಲಿ ಯಾರು ನಿನ್ನ ನೆಂಟರು?" ಎಂದು ಜೋರು ಮಾಡಿದೆ. ಅವನ ಮುಖ ಸಣ್ಣದಾಯಿತು. "ವಾಲ್ವು ಪೂರ್ತಿ ಬಿಟ್ಟಿದ್ದು ಅಕ್ಕಾ. ನೀರು ಎಲ್ಲಿಗೆ ಹೋಗ್ತದೆ ಅಂತ ದೇವರಾಣೆ ನಂಗೂ ಗೊತ್ತಿಲ್ಲ. ಎಲ್ಲಾದ್ರೂ ಒಸರ್ತಾ ಇದ್ರೆ ತೋರಿಸಿ" ಎಂದ. "ತೋರಿಸಬೇಕಾದವ ನೀನು!" ಎಂದೆ. ಹೆಂಗಸರು ನಕ್ಕರು. ಆ ನಗು ನೆನಪಾದಾಗ ಈಗ ಎಲ್ಲಾದರೂ ಅಡಗಿಕೊಳ್ಳೋಣ ಎನ್ನಿಸುತ್ತದೆ.

ಅದಾದ ಕೆಲವೇ ದಿನಕ್ಕೆ ಹೊಳೆಯ ಪಂಪು ಕೆಟ್ಟು ಊರಿಗೆಲ್ಲ ನೀರು ನಿಂತಿತು. ನಾವು ಟಾಕಿಯಲ್ಲಿದ್ದುದನ್ನೇ ಹಿಡಿದು ಹಿಡಿದು ಬಳಸಿದೆವು. ನನ್ನ ಬಸಳೆ ಸೊರಗಿತು. ಎಂದೂ ಸೊರಗದ ಬಳ್ಳಿ ಎಲೆ ಜೋಲು ಹಾಕಿತು, ಬುಡದ ಮಣ್ಣು ಬಿರಿಯಿತು, ಪಕ್ಕದ ಗಟಾರದ ಪಾಚಿ ಒಣಗಿ ಸಿಪ್ಪೆಯೆದ್ದಿತು. ಪಾತ್ರೆ ತೊಳೆದ ನೀರು ಹಾಕುವುದು ನಿಂತದ್ದಕ್ಕೆ ಹೀಗಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಪಂಪು ಸರಿಯಾಗಿ ನೀರು ಬಿಟ್ಟ ಬೆಳಗ್ಗೆ ನಾನು ಜಗಲಿಯಲ್ಲಿ ಕೂತು ಕಾಜ ಹಾಕುತ್ತಿದ್ದೆ. ತಲೆಯೆತ್ತಿದಾಗ ಚಪ್ಪರದ ಬುಡದಲ್ಲಿ ಮಣ್ಣು ಕಪ್ಪಾಗುತ್ತಿತ್ತು. ನಾನು ಒಂದು ತಂಬಿಗೆ ನೀರು ಹೊಯ್ದಿರಲಿಲ್ಲ. ಬಿರುಕಿನೊಳಗಿಂದ ನೀರು ಮೇಲೆ ಬಂದು, ತುಂಬಿ, ಗಟಾರದ ಕಡೆಗೆ ಹರಿಯತೊಡಗಿತು. ಸೂಜಿ ಬೆರಳಿಗೆ ಚುಚ್ಚಿದ್ದೂ ನನಗೆ ತಿಳಿಯಲಿಲ್ಲ.

ಕೈಗುಣವಲ್ಲ, ಪೈಪು. ಮೇಲಿನ ಮನೆಗೆ ಏರಬೇಕಾದ ನೀರು ಎಷ್ಟೋ ಬೇಸಿಗೆಯಿಂದ ನನ್ನ ಬಸಳೆಯ ಬುಡದಲ್ಲಿ ಇಳಿದು ಹೋಗುತ್ತಿತ್ತು. ಆ ಎಲೆಗಳನ್ನೇ ನಾನು ಕಟ್ಟು ಕಟ್ಟಿ ಅವಳಿಗೆ ಉಪಕಾರ ಮಾಡಿದಂತೆ ಕೊಡುತ್ತಿದ್ದೆ.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಓಣಿಯ ದೊಡ್ಡ ಪೈಪು ನಮ್ಮ ಅಂಗಳದೊಳಗೆ ಹೇಗೆ ಬಂತು ಎಂಬ ಪ್ರಶ್ನೆ ಮೊದಲು ಏಳುತ್ತದಲ್ಲ! ಕಂಪೌಂಡು ಕಟ್ಟುವಾಗ ನಾವು ರಸ್ತೆಯ ಕಡೆಗೆ ಒಂದು ಮಾರು ಸರಿದಿದ್ದೆವು, ಪೈಪು ಗೋಡೆಯ ಒಳಗಾಯಿತು, ಅದರ ಮೇಲೆ ಚಪ್ಪರ ಬಂತು. ಗಂಡನನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ ಸುತ್ತಮುತ್ತ ಕಣ್ಣಾಡಿಸಿದರು. "ಈಗ ಎಂತಕ್ಕೆ ಹೇಳೋದು? ಮಳೆ ಬಂದ್ಮೇಲೆ ಎಲ್ಲಾ ಕಡೆಗೂ ಹಸೀನೇಯಾ. ಸುಮ್ನಿರು" ಎಂದರು. ಅವರ ಮೇಲೆ ಹೊರೆ ಹೊರಿಸುವುದಿಲ್ಲ. ಸುಮ್ಮನಿರು ಎಂದು ಯಾರಾದರೂ ಹೇಳಲಿ ಎಂದೇ ನಾನು ಕರೆದದ್ದು. ಕಂಪೌಂಡಿನ ಹೆದರಿಕೆ ಅರ್ಧ. ಉಳಿದರ್ಧ, ಓಣಿಯ ಎದುರು ಅಷ್ಟು ಕೂಗಾಡಿದ ಬಾಯಲ್ಲಿ ನಮ್ಮಲ್ಲೇ ಒಸರುತ್ತಿದೆ ಎಂದು ಹೇಗೆ ಹೇಳಲಿ ಎಂಬುದು. ನಾಳೆ ಹೇಳಿದರಾಯಿತು ಎಂದು ದಿನ ದೂಡಿದೆ.

ಹೀಗೆ ದೂಡುತ್ತಿದ್ದಾಗಲೇ ಒಂದು ಮಧ್ಯಾಹ್ನ ಮೇಲಿನ ಮನೆಯಾಕೆ ಮಗಳ ಜೊತೆ ಇಳಿದು ಬಂದಳು. ಓಣಿಯ ಬಾಯಲ್ಲಿ ಅಳಿಯ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. "ಕರಕೊಂಡು ಹೊಂಟಾರ್ರಿ ಅಕ್ಕಾರ. ಇಲ್ಲಿ ನೀರು ಬರವಲ್ದು. ನಾ ಯಾವ ಬಾಯಿಲೆ ಬ್ಯಾಡ ಅನ್ಲಿ" ಎಂದಳು. ಹುಡುಗಿ ಆ ಹಸಿರು ರವಿಕೆಯನ್ನೇ ತೊಟ್ಟಿದ್ದಳು. ಬಗಲು ಬಿಗಿಯಾಗಿದೆ, ಸ್ವಲ್ಪ ಬಿಚ್ಚಿಕೊಡಿ ಎಂದು ಕೇಳಿದಳು. ನಾನು ಹೊಲಿಗೆ ಬಿಚ್ಚುತ್ತಾ ಕೂತೆ. ತಾಯಿ ಬಾಗಿಲಲ್ಲಿ ನಿಂತು ಚಪ್ಪರ ನೋಡುತ್ತಿದ್ದಳು. "ನಿಲ್ಲಿ, ಹೋಗಬೇಡಿ, ನೀರು ಇಲ್ಲೇ ಇದೆ" ಎನ್ನಬೇಕಾಗಿತ್ತು. ಬದಲಿಗೆ ನಾನು ಎದ್ದುಹೋಗಿ ಬಸಳೆ ಕೊಯ್ದು ದೊಡ್ಡ ಕಟ್ಟು ಕಟ್ಟಿ ಹುಡುಗಿಯ ಕೈಗೆ ಕೊಟ್ಟೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಲು ಹೊರಟಳು. ಆ ಹೊಟ್ಟೆಯಲ್ಲಿ ಬಗ್ಗಲಾಗದೆ ಅವಳು ನಿಂತಾಗ ನಾನು ಅವಳ ಭುಜ ಹಿಡಿದುಕೊಂಡೆ.

ಕಾರು ಹೋದ ಮೇಲೆ ತಾಯಿ ಒಬ್ಬಳೇ ದಿಬ್ಬ ಹತ್ತುವುದು ಕಿಟಕಿಯಿಂದ ಕಾಣುತ್ತಿತ್ತು. ನನಗೆ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ಹೋಗಿ ನೀರು ಬಿಡುವವನನ್ನು ಹುಡುಕಿ, "ನಮ್ಮ ಅಂಗಳದಲ್ಲಿ ಏನೋ ಹಸಿ ಕಾಣ್ತದೆ ತಮಾ, ಬಂದು ನೋಡು" ಎಂದೆ. ಆಗಲೂ "ಏನೋ" ಎಂದೆ.

ಅಗೆದರು. ಚಪ್ಪರ ಕಿತ್ತು ರಸ್ತೆಗೆ ಹಾಕಿದರು. ಕಬ್ಬಿಣದ ಪೈಪಿನ ಜಾಯಿಂಟಿಗೆ ಬಸಳೆ ಬೇರು ಜಡೆಯಂತೆ ಸುತ್ತಿಕೊಂಡಿತ್ತು. ಬೇರು ಬಿಡಿಸಿದೊಡನೆ ನೀರು ಅಗೆಯುವವನ ಮುಖಕ್ಕೇ ಹಾರಿತು. ಓಣಿಯವರೆಲ್ಲ ನೋಡಲು ಬಂದರು. ಕಂಪೌಂಡಿನ ವಿಷಯ ಯಾರೂ ಎತ್ತಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು, ನನ್ನನ್ನು ಹೊಗಳಿದರು. "ಅಕ್ಕ ಕಂಡುಹಿಡಿದದ್ದಕ್ಕೆ ಆಯ್ತು, ಇಲ್ಲದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ತನ್ನ ಬಸಳೆ ಹೋದ್ರೂ ಹೋಗ್ಲಿ ಅಂದ್ರು ನೋಡಿ!" ನಾನು ಬೈದಿದ್ದ ಆ ನೀರು ಬಿಡುವವನೂ "ಉಪಕಾರ ಆಯ್ತು ಅಕ್ಕಾ" ಎಂದ. ನಾನು ಒಳಗೆ ಹೋಗಿ ಅವರಿಗೆಲ್ಲ ಚಾ ಮಾಡಿ ತಂದೆ. 

ಜಾಯಿಂಟು ಸರಿಮಾಡಿದ ಮೇಲೆ ಮುಂದಿನ ಸರದಿಗೆ ನೀರು ದಿಬ್ಬ ಹತ್ತಿತು. ಮೇಲಿನ ಮನೆಯ ಹಂಡೆ ತುಂಬಿ ಚೆಲ್ಲಿತು. ಎರೆಸಿಕೊಳ್ಳುವವಳು ಅಲ್ಲಿರಲಿಲ್ಲ. ಬೀಗರ ಮನೆಯಲ್ಲೇ ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ತಾಯಿ ಹೋಗಿ ನೋಡಿ ಬಂದಳು. ನೆಂಟಳ ಹಾಗೆ ಕೂತು ಬಂದೆ ಎಂದು ಓಣಿಯಲ್ಲಿ ಯಾರಿಗೋ ಹೇಳಿದಳಂತೆ.

ಮಳೆ ಹಿಡಿಯುವ ಮೊದಲು ಒಂದು ಸಂಜೆ ಅವಳು ನಮ್ಮ ಮನೆಗೆ ಇಳಿದು ಬಂದಳು. ಕೈಯಲ್ಲಿ ಬಸಳೆಯ ಸಣ್ಣ ಕಟ್ಟು, ಕಂಕುಳಲ್ಲಿ ಗುಲಾಬಿ ಬಣ್ಣದ ಹತ್ತಿ ಬಟ್ಟೆ. ಅಗೆದ ದಿನ ರಸ್ತೆಗೆ ಹಾಕಿದ್ದ ನನ್ನ ಬಳ್ಳಿಯ ತುಂಡನ್ನೇ ಒಯ್ದು ನೆಟ್ಟಿದ್ದಳು. "ಬೇರು ಹತ್ಯಾವ್ರಿ ಅಕ್ಕಾರ. ಮೊದಲನೇ ಎಲಿ ನಿಮಗ ಅಂತ ತಂದೆ. ಮೊಮ್ಮಗಳಿಗೆ ಒಂದು ಅಂಗಿ ಹೊಲೀಬೇಕ್ರಿ" ಎಂದಳು. ನಾನು ಎಲೆ ಇಸಿದುಕೊಂಡೆ. ಎಳೆಯ ಎಲೆ, ಚೆನ್ನಾಗಿ ಬಂದಿತ್ತು.

"ನಂದು ಕೈಗುಣ ಅಲ್ಲವಾಗಿತ್ತು" ಎಂದೆ.

"ಅದು ಗೊತ್ತೈತಿ ತಗೋರಿ" ಎಂದು ನಕ್ಕಳು. ಬಟ್ಟೆಯನ್ನು ಕಂಕುಳಿಂದ ತೆಗೆಯುತ್ತಾ, ಮಾತಿಗೆ ಮಾತು ಎಂಬಂತೆ ಕೇಳಿದಳು, "ನಿಮಗ ಯಾವಾಗ ಗೊತ್ತಾತ್ರಿ?"

ಅಗೆದ ದಿನ ಎನ್ನಬಹುದಿತ್ತು. ಓಣಿಯೆಲ್ಲ ಹಾಗೆಯೇ ನಂಬಿತ್ತು, ಅವಳೂ ನಂಬುತ್ತಿದ್ದಳು.

"ಮಗಳು ರವಿಕೆಯ ಬಗಲು ಬಿಚ್ಚಿಸಿಕೊಂಡು ಹೋದಳಲ್ಲ, ಅದಕ್ಕಿಂತ ಮೊದಲೇ" ಎಂದೆ.

ಅವಳು ಬಟ್ಟೆ ತೆಗೆಯುವುದನ್ನು ಅಷ್ಟಕ್ಕೇ ಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಎಲಿ ಬಾಡ್ತಾವ, ಇವತ್ತ ಮಾಡ್ರಿ" ಎಂದಷ್ಟೇ ಹೇಳಿದಳು. ಆಮೇಲೆ ಅರ್ಧ ತೆಗೆದಿದ್ದ ಬಟ್ಟೆಯನ್ನು ಮತ್ತೆ ಕಂಕುಳಲ್ಲಿ ಒತ್ತಿಕೊಂಡು ದಿಬ್ಬ ಹತ್ತಿ ಹೋದಳು.