ಕೇಳದೆ ಕಟ್ಟಿದ ಗ್ರೂಪು

ಕಳೆದ ಸೋಮವಾರ ಬೆಳಿಗ್ಗೆ ನಮ್ಮ ವೈನಿ (ಅಣ್ಣನ ಹೆಂಡತಿ) ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ನನ್ನ ಮನೆಗೆ ಓಡಿಬಂದರು. "ಮುಗೀತವ್ವಾ ನನ್ನ ಕಥಿ! ಇನ್ನ ನನ್ನ ರೊಟ್ಟಿ ಯಾರ ತಿಂತಾರ?"

ಏನಾಗಿತ್ತು? ವಾಟ್ಸಾಪಿನಲ್ಲಿ ಯಾರೋ ಅವರನ್ನು ಒಂದು ಗ್ರೂಪಿಗೆ ಸೇರಿಸಿದ್ದರು. ಹೆಸರು 'ವಿಟಿಲಿಗೋ ರಿಸರ್ಚ್ ಪೇಶಂಟ್ಸ್'. ಅಂದರೆ ತೊನ್ನು.

ವೈನಿಯ ಬೆನ್ನ ಮೇಲೆ ಬಿಳಿ ಮಚ್ಚೆಗಳಿವೆ. ಅಣ್ಣ, ನಾನು, ಡಾಕ್ಟರು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕೊಂಢವಾ ಬಡಾವಣೆಯ ನಮ್ಮ ಅರ್ಧ ಗಲ್ಲಿ ತಿನ್ನುವುದು ಅವರು ಮಾಡಿ ಮಾರುವ ಜೋಳದ ರೊಟ್ಟಿಯನ್ನೇ. ಇದು ಅಂಟುರೋಗ ಅಲ್ಲ ಅಂತ ಎಷ್ಟು ಜನಕ್ಕೆ ಹೇಳುತ್ತಾ ಕೂರೋದು?

ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತಿತ್ತು. ಅದರಲ್ಲೊಂದು ಎದುರು ಬಿಲ್ಡಿಂಗಿನ ಮರಾಠಿ ಕಾಕೂ (ಚಿಕ್ಕಮ್ಮ) ಅವರದು. ದಿನಾ ರೊಟ್ಟಿ ಒಯ್ಯುವವರು! ವೈನಿ ಅಳುತ್ತಿರುವಾಗಲೇ ಅವರ ಫೋನ್ ಬಂತು. ಆ ಕಡೆಯೂ ಅಳು. "ಅಗ, ತೂ ಪಣ?" ನೀನೂನಾ ಅಂತ. ಪಾಪ, ಅವರೂ ಮುಚ್ಚಿಟ್ಟುಕೊಂಡವರೇ.

ನನಗೆ ಸಿಟ್ಟು ನೆತ್ತಿಗೇರಿತು. ಮೂವರೂ ರಿಕ್ಷಾ ಹತ್ತಿ, ಅವರಿಬ್ಬರೂ ಔಷಧ ತಗೊಳ್ಳುತ್ತಿದ್ದ ಆಸ್ಪತ್ರೆಗೆ ಹೋದೆವು. ಗ್ರೂಪ್ ಮಾಡಿದಾಕೆ ಅಲ್ಲಿನ ರಿಸರ್ಚ್ ಕೋಆರ್ಡಿನೇಟರ್, ಬೆಂಗಳೂರಿನವಳು. "ಫೈಲಲ್ಲಿ ನಂಬರ್ ಇತ್ತಲ್ಲ ಮೇಡಂ. ಒಬ್ಬೊಬ್ಬರಿಗೇ ಫೋನ್ ಮಾಡ್ತಾ ಕೂತ್ರೆ ಯಾವಾಗ ಮುಗಿಯತ್ತೆ?"

ವೈನಿ ಕಣ್ಣೊರೆಸಿಕೊಂಡರು. "ನಾವು ನಂಬರ್ ಕೊಟ್ಟಿದ್ದು ಔಷಧಕ್ರೀ, ಊರಿಗೆ ಡಂಗುರಾ ಸಾರ್ಲಿಕ್ಕಲ್ಲ!"

ಗದ್ದಲ ಕೇಳಿ ದೊಡ್ಡ ಡಾಕ್ಟರೇ ಬಂದರು. ಕ್ಷಮೆ ಕೇಳಿದರು. ನಾವು ಅಲ್ಲಿ ಕೂತಿರುವಾಗಲೇ ಗ್ರೂಪ್ ಡಿಲೀಟ್. ಇನ್ನು ಮೇಲೆ ಚಿಕಿತ್ಸೆ ಕೊಡುವ ಡಾಕ್ಟರೇ ಮೊದಲು ಪೇಶಂಟನ್ನು ಕೇಳಬೇಕು, ಒಪ್ಪಿದರಷ್ಟೇ ನಂಬರ್ ರಿಸರ್ಚಿನವರಿಗೆ ಎಂದು ನಮ್ಮೆದುರೇ ಬರೆದು ಸಹಿ ಹಾಕಿದರು. ಭಲೇ ವೈನಿ!

ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಒಳಗೆ ಕರೆದು, ಬಾಗಿಲು ಹಾಕಿ, ರಿಸರ್ಚಿಗೆ ಸೇರುತ್ತೀರಾ ಅಂತ ಕೇಳಿದರು. ವೈನಿ ಹೂಂ ಅಂದರು! (ಹೌದು, ನಾನೂ ಬೆರಗಾದೆ.) ಕಾಕೂ ಬೇಡ ಅಂದರು. ಇಬ್ಬರೂ ಎದೆಯುಬ್ಬಿಸಿಕೊಂಡೇ ಹೊರಬಂದರು. ಅವತ್ತು ಸಂಜೆ ಕಾಕೂ ಎಂದಿಗಿಂತ ಎರಡು ರೊಟ್ಟಿ ಹೆಚ್ಚೇ ಒಯ್ದರು.

ಇದನ್ನೆಲ್ಲ ಊರಿಗೆ ಬರೆದು ಹೇಳುವ ನೀನೇನು ಕಮ್ಮಿ ಅನ್ನುತ್ತೀರಾ? ಬರೆಯುವ ಮೊದಲೇ ಕೇಳಿದ್ದೇನೆ ಸ್ವಾಮಿ! "ಬರಿ, ಅಂಜಿದ್ದು ಸಾಕು," ಅಂದರು ವೈನಿ. ಕಾಕೂ ಮಾತ್ರ ತಮ್ಮ ಹೆಸರು ಹಾಕಬೇಡ ಅಂದರು. ಹಾಕಿಲ್ಲ.

ಇಬ್ಬರನ್ನೂ ಕೇಳಲು ನನಗೆ ಹಿಡಿದದ್ದು ಎರಡು ನಿಮಿಷ. ಅಷ್ಟು ದೊಡ್ಡ ಆಸ್ಪತ್ರೆಯ ಹತ್ತಿರ ಆ ಎರಡು ನಿಮಿಷ ಇರಲಿಲ್ಲವೆ?